ಸಮುದ್ರಕ್ಕೂ ಉಸಿರುಗಟ್ಟುತ್ತದೆ: ಕರಾವಳಿ ನೀರಿನಲ್ಲಿ ಆಮ್ಲಜನಕ ಕುಸಿಯುವುದೇಕೆ? ಪರಿಣಾಮಗಳೇನು?

ಸಮುದ್ರ ಮಾಲಿನ್ಯ ಎಂದಾಕ್ಷಣ ನೆನಪಾಗುವುದು ಕಣ್ಣಿಗೆ ಕಾಣುವ ಕಸ. 2017ರ ಜನವರಿಯಲ್ಲಿ ಚೆನ್ನೈನ ಎಣ್ಣೂರು ಬಂದರಿನ ಬಳಿ ಎರಡು ಹಡಗುಗಳು ಡಿಕ್ಕಿಯಾಗಿ ತೈಲ ಸೋರಿದಾಗ ಜನರು ಬಕೆಟ್ ಹಿಡಿದು ಜಿಡ್ಡು ಬಾಚಿದ ಚಿತ್ರಗಳನ್ನು ದೇಶವೇ ನೋಡಿತು. 2025ರ ಮೇ 25ರಂದು ಎಂಎಸ್‌ಸಿ ಎಲ್ಸಾ 3 ಹಡಗು 640 ಕಂಟೇನರ್‌ಗಳ ಸಮೇತ ಕೊಚ್ಚಿ ಸಮೀಪ ಮುಳುಗಿದ ಮೇಲೆ ಕೇರಳದ ತೀರಕ್ಕೆ ಪ್ಲಾಸ್ಟಿಕ್ ಕಾಳುಗಳು ರಾಶಿ ರಾಶಿಯಾಗಿ ಬಂದು ಬಿದ್ದವು. ಇಂಥವು ಸುದ್ದಿಯಾಗುತ್ತವೆ, ತನಿಖೆಯಾಗುತ್ತದೆ, ಪರಿಹಾರದ ಮಾತೂ ಬರುತ್ತದೆ.

ಇನ್ನೊಂದು ಬಗೆಯ ಮಾಲಿನ್ಯ ಕ್ಯಾಮೆರಾಗೆ ಸಿಗುವುದಿಲ್ಲ. ಮೇಲೆ ಅಲೆಗಳು ಎಂದಿನಂತೆ ಬರುತ್ತಿರುತ್ತವೆ, ನೀರಿನ ಬಣ್ಣದಲ್ಲೂ ದೊಡ್ಡ ವ್ಯತ್ಯಾಸ ಇರುವುದಿಲ್ಲ. ಆದರೆ ಹತ್ತು ಹದಿನೈದು ಮೀಟರ್ ಕೆಳಗೆ ಮೀನು ಉಸಿರಾಡಲು ಬೇಕಾದ ಆಮ್ಲಜನಕವೇ ಇರುವುದಿಲ್ಲ. ಇಂಥ ಪ್ರದೇಶಗಳಿಗೆ 'ಡೆಡ್ ಝೋನ್' ಅಥವಾ ಮೃತ ವಲಯ ಎಂಬ ಹೆಸರಿದೆ. 2008ರಲ್ಲಿ ಪ್ರಕಟವಾದ ಒಂದು ಜಾಗತಿಕ ಸಮೀಕ್ಷೆ ಇಂಥ 400ಕ್ಕೂ ಹೆಚ್ಚು ಕರಾವಳಿ ತಾಣಗಳನ್ನು ಪಟ್ಟಿ ಮಾಡಿತ್ತು. 2018ರ ವೇಳೆಗೆ ವಿಜ್ಞಾನಿಗಳು ಹೇಳಿದ ಸಂಖ್ಯೆ 500ಕ್ಕೂ ಹೆಚ್ಚು. ಕಾರವಾರ, ಮಲ್ಪೆ, ಮಂಗಳೂರಿನ ದೋಣಿಗಳು ಮೀನು ಹಿಡಿಯುವ ಅರಬ್ಬಿ ಸಮುದ್ರದಲ್ಲೂ ಪ್ರತಿ ವರ್ಷ ಮಳೆಗಾಲದ ಬೆನ್ನಿಗೇ ಈ ಸ್ಥಿತಿ ಬರುತ್ತದೆ.

ನೀರಿನಲ್ಲಿ ಎಷ್ಟು ಆಮ್ಲಜನಕ ಇರಬೇಕು?

ನಾವು ಉಸಿರಾಡುವ ಒಂದು ಲೀಟರ್ ಗಾಳಿಯಲ್ಲಿ ಸುಮಾರು 275 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. ನಮ್ಮ ಕರಾವಳಿಯ ಬೆಚ್ಚಗಿನ ಉಪ್ಪುನೀರಿನ ಒಂದು ಲೀಟರ್‌ನಲ್ಲಿ ಕರಗಿರುವುದು ಹೆಚ್ಚೆಂದರೆ ಆರೂವರೆ ಮಿಲಿಗ್ರಾಂ. ಮೀನು, ಸಿಗಡಿ, ಏಡಿಗಳ ಬದುಕು ನಡೆಯುವುದು ಇಷ್ಟರಲ್ಲೇ. ಈ ಪ್ರಮಾಣ ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿಳಿದರೆ ಅದನ್ನು 'ಹೈಪಾಕ್ಸಿಯಾ', ಅಂದರೆ ಆಮ್ಲಜನಕದ ತೀವ್ರ ಕೊರತೆ ಎನ್ನುತ್ತಾರೆ. ಅನೇಕ ಜಾತಿಯ ಮೀನುಗಳಿಗೆ ಅದಕ್ಕೂ ಮೊದಲೇ ಕಷ್ಟ ಶುರುವಾಗಿರುತ್ತದೆ.

ನೀರು ಬೆಚ್ಚಗಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. ಸಿಹಿನೀರಿನ ಲೆಕ್ಕ ನೋಡಿದರೆ ಇದು ಸುಲಭವಾಗಿ ಅರ್ಥವಾಗುತ್ತದೆ: ಸೊನ್ನೆ ಡಿಗ್ರಿಯಲ್ಲಿ ಲೀಟರಿಗೆ 14.6 ಮಿಲಿಗ್ರಾಂ ಕರಗುವ ಕಡೆ 30 ಡಿಗ್ರಿಯಲ್ಲಿ ಕರಗುವುದು 7.6 ಮಿಲಿಗ್ರಾಂ ಮಾತ್ರ. ಹೀಗಾಗಿ ಉಷ್ಣವಲಯದ ಸಮುದ್ರಗಳಿಗೆ ಮೊದಲಿನಿಂದಲೂ ಉಳಿತಾಯ ಕಡಿಮೆ. ಸಮುದ್ರ ಬಿಸಿಯಾಗುತ್ತಿರುವ ಈ ಕಾಲದಲ್ಲಿ ಅದೂ ಕರಗುತ್ತಿದೆ. ಕಳೆದ ಶತಮಾನದ ಮಧ್ಯಭಾಗದಿಂದೀಚೆಗೆ ಜಗತ್ತಿನ ಸಾಗರಗಳು ತಮ್ಮ ಒಟ್ಟು ಆಮ್ಲಜನಕದಲ್ಲಿ ಸುಮಾರು ಶೇ. 2ರಷ್ಟನ್ನು ಕಳೆದುಕೊಂಡಿವೆ ಎಂಬುದು ವಿಜ್ಞಾನಿಗಳ ಅಂದಾಜು. ಶೇ. 2 ಸಣ್ಣದೆನಿಸಬಹುದು. ಆದರೆ ಈ ನಷ್ಟ ಎಲ್ಲೆಡೆ ಸಮನಾಗಿ ಹಂಚಿಕೆಯಾಗಿಲ್ಲ. ಮೊದಲೇ ಕೊರತೆ ಇದ್ದ ಕಡೆಗಳಲ್ಲೇ ಅದರ ಹೊಡೆತ ಜೋರು.

ಪಾಚಿ ಬೆಳೆದರೆ ಉಸಿರು ಹೋಗುವುದು ಹೇಗೆ?

ಪಾಚಿ ಗಿಡಗಳಂತೆಯೇ ಆಮ್ಲಜನಕ ಬಿಡುತ್ತದಲ್ಲವೇ, ಅದು ಹೆಚ್ಚಾದರೆ ಒಳ್ಳೆಯದೇ ಆಗಬೇಕಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ತೊಂದರೆ ಬರುವುದು ಪಾಚಿ ಸತ್ತ ಮೇಲೆ.

ಹೊಲಕ್ಕೆ ಹಾಕಿದ ಯೂರಿಯಾ, ಡಿಎಪಿಯಲ್ಲಿ ಬೆಳೆ ಹೀರಿಕೊಳ್ಳುವುದು ಒಂದು ಭಾಗ ಮಾತ್ರ. ಸಾರಜನಕದ ವಿಷಯದಲ್ಲಂತೂ ಅರ್ಧಕ್ಕಿಂತ ಹೆಚ್ಚು ಬೆಳೆಗೆ ದಕ್ಕದೆ ಗಾಳಿ, ಅಂತರ್ಜಲ, ಹಳ್ಳ-ಹೊಳೆಗಳ ಪಾಲಾಗುತ್ತದೆ. ನಗರಗಳ ಒಳಚರಂಡಿ ನೀರಿನಲ್ಲಿ ಮಲಮೂತ್ರದ ಸಾರಜನಕ, ಸೋಪು-ಡಿಟರ್ಜೆಂಟ್‌ನ ರಂಜಕ ಇರುತ್ತವೆ. ಎಲ್ಲವೂ ನದಿಯ ಮೂಲಕ ಸಮುದ್ರಕ್ಕೆ ಬಂದಾಗ ಅಲ್ಲಿನ ಸೂಕ್ಷ್ಮ ಪಾಚಿಗಳಿಗೆ ಅದು ಹಬ್ಬದೂಟ. ಕೆಲವೇ ದಿನಗಳಲ್ಲಿ ಅವು ಮಿತಿಮೀರಿ ಬೆಳೆಯುತ್ತವೆ. ತಿನ್ನುವ ಜೀವಿಗಳಿಗೆ ಮುಗಿಸಲಾಗದಷ್ಟು ಬೆಳೆದು, ಸತ್ತು, ತಳಕ್ಕೆ ಇಳಿಯುತ್ತವೆ. ಅಲ್ಲಿ ಬ್ಯಾಕ್ಟೀರಿಯಾಗಳು ಅವನ್ನು ಕೊಳೆಸುತ್ತವೆ, ಕೊಳೆಸಲು ಆಮ್ಲಜನಕ ಬಳಸುತ್ತವೆ. ಪಾಚಿ ಬದುಕಿದ್ದಾಗ ಬಿಟ್ಟ ಆಮ್ಲಜನಕ ಮೇಲ್ಭಾಗದಲ್ಲಿ, ಬಹುಪಾಲು ಗಾಳಿಗೇ ಹೋಗಿರುತ್ತದೆ. ಖರ್ಚು ಮಾತ್ರ ತಳದಲ್ಲಿ.

ಪ್ರಮಾಣ ತಿಳಿಯಲು ಒಂದು ಲೆಕ್ಕ ಹಾಕಬಹುದು. 45 ಕೆ.ಜಿ.ಯ ಒಂದು ಯೂರಿಯಾ ಚೀಲದಲ್ಲಿ ಶೇ. 46ರಂತೆ ಸುಮಾರು 20 ಕೆ.ಜಿ. ಸಾರಜನಕ ಇರುತ್ತದೆ. ಸಮುದ್ರದಲ್ಲಿ 1 ಕೆ.ಜಿ. ಸಾರಜನಕದಿಂದ ಬೆಳೆದ ಪಾಚಿ ಪೂರ್ತಿ ಕೊಳೆಯಲು ಸುಮಾರು 20 ಕೆ.ಜಿ. ಆಮ್ಲಜನಕ ಬೇಕು. ಚೀಲದ ಸಾರಜನಕ ಅಷ್ಟೂ ಸಮುದ್ರ ಸೇರಿತೆಂದು ಇಟ್ಟುಕೊಂಡರೆ 400 ಕೆ.ಜಿ. ಆಮ್ಲಜನಕ ಖಾಲಿ. ಅಂದರೆ 6 ಕೋಟಿ ಲೀಟರ್ ಸಮುದ್ರದ ನೀರಿನಲ್ಲಿ ಕರಗಿರುವಷ್ಟು. ಒಂದು ಚೀಲ ಪೂರ್ತಿಯಾಗಿ ಸಮುದ್ರ ಸೇರುವುದಿಲ್ಲ, ನಿಜ. ಆದರೆ ಹೊಲಗಳಿಗೆ ಬೀಳುವ ಚೀಲಗಳೂ ಒಂದೆರಡಲ್ಲ.

ಇಷ್ಟಾದರೂ ಗಾಳಿ ಬೀಸಿ ನೀರು ಕದಡುತ್ತಿದ್ದರೆ ತಳಕ್ಕೆ ಹೊಸ ಆಮ್ಲಜನಕ ಸಿಗುತ್ತಿತ್ತು. ಅದಕ್ಕೂ ಒಂದು ಅಡ್ಡಿ ಇದೆ. ನದಿಯ ಸಿಹಿನೀರು ಹಗುರ, ಸಮುದ್ರದ ಉಪ್ಪುನೀರು ಭಾರ. ಬೆಚ್ಚಗಿನ ನೀರು ಹಗುರ, ತಣ್ಣನೆಯದು ಭಾರ. ಹಗುರವಾದ ನೀರು ಮೇಲೆ ಮುಚ್ಚಳದಂತೆ ಕೂತುಬಿಟ್ಟರೆ ಕೆಳಗಿನ ನೀರಿಗೆ ಗಾಳಿಯ ಸಂಪರ್ಕವೇ ತಪ್ಪುತ್ತದೆ.

ಈ ಇಡೀ ಕಥೆ ಪಠ್ಯಪುಸ್ತಕದಂತೆ ನಡೆಯುವುದು ಅಮೆರಿಕದ ದಕ್ಷಿಣದಲ್ಲಿರುವ ಮೆಕ್ಸಿಕೊ ಕೊಲ್ಲಿಯಲ್ಲಿ. ಮಿಸಿಸಿಪ್ಪಿ ನದಿ ಆ ದೇಶದ ಮುಖ್ಯ ಭೂಭಾಗದ ಶೇ. 41ರಷ್ಟು ನೆಲದ ನೀರನ್ನು ಹೊತ್ತು ತರುತ್ತದೆ. ಜೋಳ, ಸೋಯಾ ಬೆಳೆಯುವ ವಿಶಾಲ ಹೊಲಗಳ ಗೊಬ್ಬರವೂ ಅದರ ಜೊತೆಗೆ ಬರುತ್ತದೆ. ಅಲ್ಲಿ 1985ರಿಂದ ಬಹುತೇಕ ಪ್ರತಿ ಬೇಸಿಗೆಯಲ್ಲಿ ಹಡಗಿನಲ್ಲಿ ಹೋಗಿ ಅಳತೆ ಮಾಡುತ್ತಾರೆ. 2017ರಲ್ಲಿ ಸಿಕ್ಕ ಅಳತೆ 22,720 ಚದರ ಕಿ.ಮೀ. ಉತ್ತರ ಕನ್ನಡ ಜಿಲ್ಲೆಯ ಎರಡು ಪಟ್ಟಿಗೂ ಹೆಚ್ಚು. ಇದನ್ನು 5,000 ಚದರ ಕಿ.ಮೀ.ಗೆ ಇಳಿಸುವ ಗುರಿಗೆ ಮೊದಲು 2015ರ ಗಡುವು ಇತ್ತು. ಈಗ ಅದು 2035ಕ್ಕೆ ಹೋಗಿದೆ.

ಅರಬ್ಬಿ ಸಮುದ್ರದ ಕಥೆಯೇ ಬೇರೆ

ನಮ್ಮ ಪಶ್ಚಿಮ ಕರಾವಳಿಯಲ್ಲಿ ಆಮ್ಲಜನಕ ಕುಸಿಯುವುದಕ್ಕೆ ಮೂಲ ಕಾರಣ ಮನುಷ್ಯನಲ್ಲ, ಮುಂಗಾರು.

ಅರಬ್ಬಿ ಸಮುದ್ರಕ್ಕೆ ಉತ್ತರದಲ್ಲಿ ನೆಲ ಅಡ್ಡವಿದೆ. ಆಳದ ನೀರು ಬದಲಾಗುವುದು ನಿಧಾನ. ಮೇಲಿನ ಪದರದಲ್ಲಿ ಪಾಚಿಯ ಬೆಳೆ ಸಮೃದ್ಧ, ಅದು ಸತ್ತು ಬೀಳುವುದೂ ಸಮೃದ್ಧ. ಇದರಿಂದಾಗಿ ಸುಮಾರು 150 ಮೀಟರ್ ಆಳದಿಂದ 1,000 ಮೀಟರ್‌ವರೆಗೆ ಆಮ್ಲಜನಕ ತೀರಾ ಕಡಿಮೆ ಇರುವ ದಪ್ಪ ಪದರವೊಂದು ವರ್ಷವಿಡೀ ಇರುತ್ತದೆ. ಜಗತ್ತಿನ ಇಂಥ ಅತಿ ದೊಡ್ಡ ಪದರಗಳಲ್ಲಿ ಇದೂ ಒಂದು.

ಜೂನ್‌ನಲ್ಲಿ ಮುಂಗಾರು ಗಾಳಿ ಬೀಸತೊಡಗಿದಾಗ ಕರಾವಳಿಯ ಪ್ರವಾಹ ದಕ್ಷಿಣದ ಕಡೆಗೆ ತಿರುಗುತ್ತದೆ. ಮೇಲಿನ ನೀರು ದಡದಿಂದ ಆಚೆ ಸರಿಯುತ್ತದೆ, ಆ ಜಾಗ ತುಂಬಲು ಆಳದ ತಣ್ಣನೆಯ ನೀರು ಮೇಲೇರಿ ದಡದತ್ತ ಬರುತ್ತದೆ. ವಿಜ್ಞಾನಿಗಳು ಇದನ್ನು 'ಅಪ್‌ವೆಲಿಂಗ್' ಎನ್ನುತ್ತಾರೆ. ಈ ನೀರಿನಲ್ಲಿ ಪಾಚಿಗೆ ಬೇಕಾದ ಪೋಷಕಾಂಶ ಧಾರಾಳ. ಭೂತಾಯಿ, ಬಂಗುಡೆಯ ಸುಗ್ಗಿಗೆ ಮೂಲವೇ ಇದು. ಆದರೆ ಅದೇ ನೀರು ಆಮ್ಲಜನಕವನ್ನು ಮೊದಲೇ ಕಳೆದುಕೊಂಡು ಬಂದಿರುತ್ತದೆ. ಅದರ ಮೇಲೆ ಘಟ್ಟದ ಮಳೆನೀರು. ಕಾಳಿ, ಶರಾವತಿ, ನೇತ್ರಾವತಿಯಂಥ ನದಿಗಳು ತಂದು ಸುರಿಯುವ ಸಿಹಿನೀರು ಮತ್ತು ಸಮುದ್ರದ ಮೇಲೇ ಬೀಳುವ ಮಳೆ ಸೇರಿ ಕೆಲವೇ ಮೀಟರ್ ದಪ್ಪದ ಮುಚ್ಚಳವಾಗುತ್ತದೆ. ಕೆಳಗೆ ಕೊಳೆಯುವ ಕೆಲಸ ನಡೆಯುತ್ತಲೇ ಇರುತ್ತದೆ. ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಸ್ಥಿತಿ ತೀರಾ ಬಿಗಡಾಯಿಸುತ್ತದೆ. ವರ್ಷದ ಕೊನೆಗೆ ಪ್ರವಾಹ ಮತ್ತೆ ಉತ್ತರಕ್ಕೆ ತಿರುಗಿದ ಮೇಲೆ ಸಮುದ್ರ ಚೇತರಿಸಿಕೊಳ್ಳುತ್ತದೆ.

ಗೋವಾದ ದೋನಾ ಪೌಲಾದಲ್ಲಿರುವ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ಎಸ್.ಡಬ್ಲ್ಯು.ಎ. ನಖ್ವಿ ಮತ್ತು ಸಂಗಡಿಗರು 2000ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ ಈ ವಿಷಯವನ್ನು ಜಗತ್ತಿನ ಗಮನಕ್ಕೆ ತಂದಿತು. ಭಾರತದ ಪಶ್ಚಿಮ ಕರಾವಳಿಯ ಆಮ್ಲಜನಕ ಕೊರತೆಯ ಪ್ರದೇಶ ಸುಮಾರು 1.8 ಲಕ್ಷ ಚದರ ಕಿ.ಮೀ. ಎಂದು ಅವರು ಅಂದಾಜಿಸಿದ್ದರು. ಇಡೀ ಕರ್ನಾಟಕದ ವಿಸ್ತೀರ್ಣ 1.91 ಲಕ್ಷ ಚದರ ಕಿ.ಮೀ. ಆಳವಿಲ್ಲದ ಕರಾವಳಿ ನೀರಿನಲ್ಲಿ ಇಷ್ಟು ದೊಡ್ಡ ಕೊರತೆಯ ಪ್ರದೇಶ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ ಎಂದೂ ಅವರು ಬರೆದರು. 1999ರ ಮಳೆಗಾಲದ ಕೊನೆಯಲ್ಲಿ ತಳದ ನೀರಿನಲ್ಲಿ ಹೈಡ್ರೋಜನ್ ಸಲ್ಫೈಡ್, ಅಂದರೆ ಕೊಳೆತ ಮೊಟ್ಟೆಯ ವಾಸನೆ ಬೀರುವ ವಿಷಾನಿಲ ಸಿಕ್ಕಿತ್ತು. ಆಮ್ಲಜನಕ ಪೂರ್ತಿ ಮುಗಿದ ಮೇಲಷ್ಟೇ ಅದು ಹುಟ್ಟುತ್ತದೆ. 1970ರ ದಶಕದ ಅಳತೆಗಳಿಗೆ ಹೋಲಿಸಿದರೆ ಪರಿಸ್ಥಿತಿ ಹದಗೆಟ್ಟಿದೆ, ಭೂಮಿಯಿಂದ ಬರುವ ಪೋಷಕಾಂಶ ಅದಕ್ಕೆ ಕಾರಣವಿರಬಹುದು ಎಂಬುದು ಆ ತಂಡದ ವಾದ.

ಈ ವಾದವನ್ನು ಎಲ್ಲರೂ ಹಾಗೆಯೇ ಒಪ್ಪಿಲ್ಲ. ನಂತರದ ವರ್ಷಗಳಲ್ಲಿ ಕೇರಳ ಮತ್ತು ಕರ್ನಾಟಕದ ಕರಾವಳಿಯಲ್ಲಿ ಅಧ್ಯಯನ ಮಾಡಿದ ಕೆಲವರು ಇಲ್ಲಿ ಪ್ರಕೃತಿಯ ಪಾತ್ರವೇ ಪ್ರಧಾನ, ಒಂದು ವರ್ಷಕ್ಕೂ ಇನ್ನೊಂದಕ್ಕೂ ಬಹಳ ವ್ಯತ್ಯಾಸ ಇರುತ್ತದೆ ಎಂದಿದ್ದಾರೆ. ಇದನ್ನು ಬಗೆಹರಿಸಲು ಬೇಕಾದದ್ದು ದೀರ್ಘಕಾಲದ ಅಳತೆ. ಗೋವಾದ ಕ್ಯಾಂಡೋಲಿಂ ತೀರದಾಚೆ ಒಂದೇ ಜಾಗದಲ್ಲಿ 1997ರಿಂದ ನೀರಿನ ಮಾದರಿ ತೆಗೆಯುತ್ತಿರುವುದು ಇದಕ್ಕಾಗಿಯೇ. ಮಳೆಗಾಲದಲ್ಲಿ ದೋಣಿ ಇಳಿಸುವುದೇ ಕಷ್ಟವಾದ ಕರಾವಳಿಯಲ್ಲಿ ಇದು ಸಣ್ಣ ಕೆಲಸವಲ್ಲ.

ಆದರೆ ಮೂಲ ಕಾರಣ ಪ್ರಕೃತಿ ಎಂದಮಾತ್ರಕ್ಕೆ ನೆಮ್ಮದಿಯಿಂದ ಇರುವಂತಿಲ್ಲ. ಆಮ್ಲಜನಕ ಧಾರಾಳವಾಗಿರುವ ಸಮುದ್ರ ಒಂದಿಷ್ಟು ಕೊಳಚೆಯನ್ನು ತಾಳಿಕೊಳ್ಳಬಲ್ಲದು. ಪ್ರತಿ ವರ್ಷ ತಾನಾಗಿಯೇ ಅಂಚಿಗೆ ಬಂದು ನಿಲ್ಲುವ ಸಮುದ್ರಕ್ಕೆ ಸಣ್ಣ ತಳ್ಳು ಸಾಕು.

ನಿಮ್ಮ ಊರಿನ ಚರಂಡಿ ಯಾವ ಸಮುದ್ರಕ್ಕೆ?

ಕರಾವಳಿಯಿಂದ ದೂರವಿರುವ ನಗರಗಳ ಪಾಲೂ ಇದರಲ್ಲಿದೆ. ಬೆಂಗಳೂರಿನ ವೃಷಭಾವತಿಯ ಕೊಳಚೆ ಅರ್ಕಾವತಿಯ ಮೂಲಕ ಕಾವೇರಿಗೆ ಸೇರುತ್ತದೆ. ಬೆಳ್ಳಂದೂರು, ವರ್ತೂರು ಕೆರೆಗಳ ನೊರೆನೀರು ದಕ್ಷಿಣ ಪಿನಾಕಿನಿಗೆ ಹರಿದು ತಮಿಳುನಾಡಿನ ಕಡಲೂರಿನತ್ತ ಹೋಗುತ್ತದೆ. ಪುಣೆಯ ಮುಳಾ-ಮುಠಾ ಭೀಮಾಕ್ಕೆ, ಭೀಮಾ ಕಲಬುರಗಿ, ಯಾದಗಿರಿ ಹಾದು ಕೃಷ್ಣೆಗೆ. ಹೈದರಾಬಾದಿನ ಮೂಸಿ ಕೂಡ ಕೃಷ್ಣೆಗೇ. ದೆಹಲಿಯ ಯಮುನೆ ಗಂಗೆಗೆ. ಎಲ್ಲವೂ ಕೊನೆಗೆ ಬಂಗಾಳ ಕೊಲ್ಲಿಗೆ. ದಾರಿಯ ಅಣೆಕಟ್ಟುಗಳಲ್ಲಿ ಪೋಷಕಾಂಶದ ಒಂದು ಭಾಗ ಉಳಿಯುತ್ತದೆ. ಪುಣೆಯ ಕೆಳಗಿನ ಉಜನಿ ಜಲಾಶಯ ಪಾಚಿಯಿಂದ ಹಸಿರುಗಟ್ಟುವುದು ಅದಕ್ಕೇ. ಚೆನ್ನೈನ ಕೂವಂ ಮತ್ತು ಅಡ್ಯಾರ್ ನದಿಗಳಿಗೆ, ಮುಂಬೈಯ ಮೀಠಿ ನದಿಗೆ ಅಂಥ ತಡೆಯೂ ಇಲ್ಲ. ಮೀಠಿ ನೇರ ಮಾಹಿಂ ಕ್ರೀಕ್ ಸೇರಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಮುಂಬೈಯ ಕ್ರೀಕ್‌ಗಳಲ್ಲಿ ಸಮುದ್ರದ ಇಳಿತದ ವೇಳೆ ಆಮ್ಲಜನಕ ತೀರಾ ಕೆಳಮಟ್ಟಕ್ಕೆ ಹೋಗುವುದು ದಾಖಲಾಗಿದೆ.

ಬಂಗಾಳ ಕೊಲ್ಲಿಯದು ಇನ್ನೂ ಸೂಕ್ಷ್ಮ ಪರಿಸ್ಥಿತಿ. ಅಲ್ಲಿಯೂ ಆಳದಲ್ಲಿ ಆಮ್ಲಜನಕ ಕಡಿಮೆ ಇರುವ ಪದರವಿದೆ. 2017ರಲ್ಲಿ 'ನೇಚರ್ ಜಿಯೋಸೈನ್ಸ್'ನಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅಲ್ಲಿ ಆಮ್ಲಜನಕ ಪೂರ್ತಿ ಮುಗಿದಿಲ್ಲ. ಸಾಮಾನ್ಯ ಉಪಕರಣಗಳಿಗೆ ಸಿಗದಷ್ಟು ಅತ್ಯಲ್ಪ ಪ್ರಮಾಣ ಉಳಿದಿದೆ. ಅಷ್ಟು ಉಳಿದಿರುವುದರಿಂದಲೇ ಅರಬ್ಬಿ ಸಮುದ್ರದಲ್ಲಿ ನಡೆಯುವಂತೆ ಸಾರಜನಕವನ್ನು ಕಳೆಯುವ ಬ್ಯಾಕ್ಟೀರಿಯಾಗಳ ಚಟುವಟಿಕೆ ಅಲ್ಲಿ ಜೋರಾಗಿಲ್ಲ. ಆ ಕೊನೆಯ ಹನಿಯೂ ಹೋದರೆ ಇಡೀ ಕೊಲ್ಲಿಯ ರಾಸಾಯನಿಕ ವ್ಯವಸ್ಥೆಯೇ ಬದಲಾಗಬಹುದು. ಆ ಕೊಲ್ಲಿಯ ಸುತ್ತ ಕೋಟ್ಯಂತರ ಜನರ ಊಟದ ತಟ್ಟೆಯಲ್ಲಿರುವುದು ಅಲ್ಲಿನ ಮೀನು.

ಮೀನಿಗೆ, ಮೀನುಗಾರರಿಗೆ ಏನಾಗುತ್ತದೆ?

ಈಜಬಲ್ಲ ಮೀನು ಮೊದಲು ಜಾಗ ಬಿಡುತ್ತದೆ. ಓಡಲಾಗದ ಚಿಪ್ಪುಜೀವಿ, ಹುಳು ಸಾಯುತ್ತವೆ. ಸಿಗಡಿ, ಏಡಿ, ನಂಗು ಮುಂತಾದ ತಳದ ಜೀವಿಗಳಿಗೆ ಪೆಟ್ಟು ಹೆಚ್ಚು. ತಳದಿಂದ ಓಡಿಬಂದ ಮೀನುಗಳು ಮೇಲಿನ ತೆಳ್ಳನೆಯ ಪದರದಲ್ಲಿ ಅಥವಾ ದಡದ ಹತ್ತಿರ ಗುಂಪುಗೂಡುತ್ತವೆ. ಅಮೆರಿಕದ ಅಲಬಾಮಾ ರಾಜ್ಯದ ಮೊಬೈಲ್ ಕೊಲ್ಲಿಯಲ್ಲಿ ಬೇಸಿಗೆಯ ಕೆಲವು ರಾತ್ರಿ ಬೆಳಗಿನ ಜಾವಕ್ಕೆ ಮುನ್ನ ಏಡಿ, ಸಿಗಡಿ, ಚಪ್ಪಟೆ ಮೀನುಗಳು ತಾವಾಗಿಯೇ ದಡಕ್ಕೆ ಬಂದು ಸೇರುತ್ತವೆ. ಅಲ್ಲಿಯ ಜನ ಅದನ್ನು 'ಜುಬಿಲಿ' ಎಂದು ಕರೆದು ಬುಟ್ಟಿ ಹಿಡಿದು ಓಡುತ್ತಾರೆ. ಮೀನು ಬಂದಿದ್ದು ಉಸಿರಿಗಾಗಿ. ಇಂಥ ಸುಗ್ಗಿ ಮೋಸದ ಸುಗ್ಗಿ: ಬಲೆಗೆ ಸುಲಭವಾಗಿ ಸಿಕ್ಕಷ್ಟೂ ಮುಂದಿನ ವರ್ಷಕ್ಕೆ ಉಳಿಯುವುದು ಕಡಿಮೆ.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಆಗಸ್ಟ್‌ನಲ್ಲಿ ಟ್ರಾಲ್ ಬೋಟ್‌ಗಳು ಕಡಲಿಗಿಳಿಯುವ ಹೊತ್ತಿಗೆ ತಳದಲ್ಲಿ ಆಮ್ಲಜನಕ ಇಳಿಯುತ್ತಿರುತ್ತದೆ. ತಳವನ್ನೇ ಗುಡಿಸುವ ಬಲೆಗೆ ಆಗ ಸಿಗಬೇಕಾದ್ದು ಜಾಗ ಬಿಟ್ಟಿರುತ್ತದೆ. ಮೀನು ಅರಸುತ್ತ ಇನ್ನೂ ದೂರ ಹೋದರೆ ಡೀಸೆಲ್ ಖರ್ಚು. ಹಾಗೆಂದು ಮೀನು ಸಿಗದ ಪ್ರತಿ ವರ್ಷಕ್ಕೂ ಆಮ್ಲಜನಕವನ್ನೇ ಹೊಣೆ ಮಾಡುವಂತಿಲ್ಲ. ಮಿತಿಮೀರಿದ ಮೀನುಗಾರಿಕೆ, ಮರಿಮೀನುಗಳ ಬೇಟೆ, ಸಮುದ್ರದ ತಾಪ ಎಲ್ಲವೂ ಇದರಲ್ಲಿ ಹೆಣೆದುಕೊಂಡಿವೆ.

ಸಾಯದೆ ಉಳಿದ ಮೀನಿಗೂ ಹಾನಿ ಇದೆ. ಮೆಕ್ಸಿಕೊ ಕೊಲ್ಲಿಯ ಮೃತ ವಲಯದಲ್ಲಿ ಬದುಕಿದ್ದ ಕ್ರೋಕರ್ ಜಾತಿಯ ಹೆಣ್ಣು ಮೀನುಗಳ ಅಂಡಾಶಯದಲ್ಲಿ ಗಂಡಿನ ಲಕ್ಷಣ ಕಾಣಿಸಿಕೊಂಡಿದ್ದನ್ನು ಸಂಶೋಧಕರು ವರದಿ ಮಾಡಿದ್ದಾರೆ.

ಪಾಚಿಯ ಜಾತಿಯೂ ಬದಲಾಗುತ್ತದೆ. ಉತ್ತರ ಅರಬ್ಬಿ ಸಮುದ್ರದಲ್ಲಿ ಚಳಿಗಾಲದಲ್ಲಿ ಮೀನಿಗೆ ಆಹಾರವಾಗುವ ಡಯಾಟಮ್‌ಗಳ ಜಾಗಕ್ಕೆ ನಾಕ್ಟಿಲ್ಯೂಕಾ ಎಂಬ ಸೂಕ್ಷ್ಮಜೀವಿ ಬಂದಿದೆ. 2014ರ ಅಧ್ಯಯನವೊಂದು ಇದಕ್ಕೂ ಆಮ್ಲಜನಕದ ಕೊರತೆಗೂ ನಂಟು ಕಲ್ಪಿಸಿತು. ಅದನ್ನು ತಿನ್ನುವ ಮೀನು ಕಡಿಮೆ, ಅಂಬಲಿ ಮೀನಿನಂಥ ಜೀವಿಗಳಿಗೆ ಅದು ಆಹಾರ. ಕರಾವಳಿಯಲ್ಲಿ ಕೆಲವು ರಾತ್ರಿ ಅಲೆಗಳು ನೀಲಿಯಾಗಿ ಹೊಳೆಯುವುದಕ್ಕೂ ಸಾಮಾನ್ಯವಾಗಿ ಇದೇ ಕುಲದ ಜೀವಿ ಕಾರಣ. ಹೊಳಪು ಕಂಡಲ್ಲೆಲ್ಲ ಮಾಲಿನ್ಯ ಇದೆ ಎಂದೇನೂ ಅಲ್ಲ. ಇನ್ನು ಕೆಲವು ಪಾಚಿಗಳು ನೇರ ವಿಷಕಾರಿ. ಅವನ್ನು ಸೋಸಿ ತಿನ್ನುವ ಮರುವಾಯಿಯಂಥ ಚಿಪ್ಪುಜೀವಿಗಳ ಮೂಲಕ ವಿಷ ಮನುಷ್ಯನಿಗೆ ಬರುತ್ತದೆ. 1980ರ ದಶಕದ ಆರಂಭದಲ್ಲಿ ತಮಿಳುನಾಡಿನಲ್ಲೂ ಮಂಗಳೂರಿನ ಆಸುಪಾಸಿನಲ್ಲೂ ಇಂಥ ವಿಷಪ್ರಾಶನದ ಪ್ರಕರಣಗಳು ವರದಿಯಾಗಿದ್ದವು.

ಕೊನೆಯದು ಹವಾಮಾನಕ್ಕೆ ಸಂಬಂಧಿಸಿದ್ದು. ಆಮ್ಲಜನಕ ಮುಗಿಯುತ್ತಾ ಬಂದ ನೀರಿನಲ್ಲಿ ಬ್ಯಾಕ್ಟೀರಿಯಾಗಳು ನೈಟ್ರಸ್ ಆಕ್ಸೈಡ್ ಅನಿಲ ಉತ್ಪಾದಿಸುತ್ತವೆ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಶಕ್ತ. ನಖ್ವಿ ತಂಡದ ಪ್ರಬಂಧದ ಮುಖ್ಯ ವಿಷಯ ಇದೇ ಆಗಿತ್ತು. ಬಿಸಿಯಾದ ಸಮುದ್ರದಲ್ಲಿ ಆಮ್ಲಜನಕ ಕಡಿಮೆ, ಆಮ್ಲಜನಕ ಕಡಿಮೆಯಾದ ಸಮುದ್ರದಿಂದ ಮತ್ತಷ್ಟು ಬಿಸಿ.

ಸರಿಪಡಿಸಲು ಸಾಧ್ಯವೇ?

ಸಾಧ್ಯ ಎಂಬುದಕ್ಕೆ ಉದಾಹರಣೆಗಳಿವೆ. ಲಂಡನ್‌ನ ಥೇಮ್ಸ್ ನದಿಯ ಅಳಿವೆ ಭಾಗದಲ್ಲಿ ಜೀವವೇ ಇಲ್ಲ ಎಂದು 1957ರಲ್ಲಿ ಘೋಷಿಸಲಾಗಿತ್ತು. ಕೊಳಚೆ ಶುದ್ಧೀಕರಣ ಘಟಕಗಳನ್ನು ಮೇಲ್ದರ್ಜೆಗೆ ಏರಿಸಿದ ಮೇಲೆ 1974ರಲ್ಲಿ ಅಲ್ಲಿ ಸಾಲ್ಮನ್ ಮೀನು ಸಿಕ್ಕಿತು. ಕಪ್ಪು ಸಮುದ್ರದ್ದು ವಿಚಿತ್ರ ಪ್ರಸಂಗ. ಡ್ಯಾನ್ಯೂಬ್ ನದಿ ತರುತ್ತಿದ್ದ ಗೊಬ್ಬರದಿಂದ ಅದರ ವಾಯವ್ಯ ಭಾಗದ ಮೃತ ವಲಯ 1990ರ ಸುಮಾರಿಗೆ 40,000 ಚದರ ಕಿ.ಮೀ.ವರೆಗೆ ಹರಡಿತ್ತು. ಸೋವಿಯತ್ ಒಕ್ಕೂಟ ಕುಸಿದಾಗ ಆ ಭಾಗದ ದೇಶಗಳಲ್ಲಿ ಗೊಬ್ಬರದ ಸಬ್ಸಿಡಿ ನಿಂತುಹೋಯಿತು, ಬಳಕೆ ಧುತ್ತನೆ ಇಳಿಯಿತು. 1990ರ ದಶಕದ ಮಧ್ಯಕ್ಕೆ ಆ ವಲಯ ಬಹುತೇಕ ಮಾಯವಾಯಿತು. ಯಾವ ಪರಿಸರ ನೀತಿಯೂ ಅಲ್ಲ, ರೈತರ ಕೈಯಲ್ಲಿ ಕಾಸಿಲ್ಲದ್ದೇ ಕಾರಣ. ಬಾಲ್ಟಿಕ್ ಸಮುದ್ರದ ಅನುಭವ ಇದಕ್ಕೆ ವಿರುದ್ಧ. ಸುತ್ತಲಿನ ದೇಶಗಳು ದಶಕಗಳಿಂದ ಕೊಳಚೆ ತಗ್ಗಿಸಿದರೂ ತಳದ ಕೆಸರಿನಲ್ಲಿ ಕೂತ ಹಳೆಯ ರಂಜಕ ಮತ್ತೆ ಮತ್ತೆ ನೀರಿಗೆ ಬಿಡುಗಡೆಯಾಗುತ್ತಿದ್ದು ಚೇತರಿಕೆ ಬಲು ನಿಧಾನ.

ಭಾರತದಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2021ರ ವರದಿಯಂತೆ ನಗರಗಳಲ್ಲಿ ದಿನಕ್ಕೆ ಹುಟ್ಟುವ ಕೊಳಚೆ ನೀರು 72,368 ಎಂಎಲ್‌ಡಿ, ಅಂದರೆ ದಶಲಕ್ಷ ಲೀಟರ್. ನಿಜವಾಗಿ ಶುದ್ಧೀಕರಣಗೊಳ್ಳುತ್ತಿದ್ದದ್ದು 20,236 ಎಂಎಲ್‌ಡಿ. ಶೇ. 28. ಸ್ಥಾಪಿಸಿದ ಘಟಕಗಳ ಸಾಮರ್ಥ್ಯ ಇದಕ್ಕಿಂತ ಹೆಚ್ಚಿದೆ, 31,841 ಎಂಎಲ್‌ಡಿ. ಕಟ್ಟಿದ ಘಟಕಕ್ಕೆ ನೀರು ತಲುಪಿಸುವ ಪೈಪ್ ಇಲ್ಲದಿರುವುದು, ಯಂತ್ರ ಕೆಟ್ಟು ನಿಲ್ಲುವುದು ಹೊಸ ವಿಷಯವೇನಲ್ಲ. ಮುಂಬೈಯಲ್ಲಿ ಈಗ ಒಟ್ಟು 2,464 ಎಂಎಲ್‌ಡಿ ಸಾಮರ್ಥ್ಯದ 7 ಘಟಕಗಳ ಯೋಜನೆ ಕೈಗೆತ್ತಿಕೊಳ್ಳಲಾಗಿದೆ.

ಇಲ್ಲಿ ಸಾಮಾನ್ಯವಾಗಿ ಚರ್ಚೆಯಾಗದ ಒಂದು ಸಂಗತಿ ಇದೆ. ಮಾಮೂಲಿ ಶುದ್ಧೀಕರಣ ಘಟಕ ಕೊಳೆಯುವ ವಸ್ತುವನ್ನು ತೆಗೆಯುತ್ತದೆ, ನೀರು ತಿಳಿಯಾಗಿ ಕಾಣುತ್ತದೆ. ಆದರೆ ಕರಗಿದ ಸಾರಜನಕ, ರಂಜಕದ ದೊಡ್ಡ ಪಾಲು ಹಾಗೇ ಹೊರಗೆ ಹೋಗುತ್ತದೆ. ಅವನ್ನು ತೆಗೆಯಲು ಪ್ರತ್ಯೇಕ ಹಂತ ಬೇಕು, ಅದಕ್ಕೆ ವಿದ್ಯುತ್ತೂ ಹಣವೂ ಹೆಚ್ಚು. ಘಟಕದ ಉದ್ಘಾಟನೆಯ ಸುದ್ದಿ ಓದುವಾಗ ಕೇಳಬೇಕಾದ ಪ್ರಶ್ನೆ ಎಷ್ಟು ಎಂಎಲ್‌ಡಿ ಎಂಬುದಷ್ಟೇ ಅಲ್ಲ, ಹೊರಬರುವ ನೀರಿನಲ್ಲಿ ಸಾರಜನಕ ಎಷ್ಟು ಎಂಬುದೂ ಹೌದು.

ಹೊಲದ ಕಡೆ ಸಮಸ್ಯೆ ಬೆಲೆಯದ್ದು. ಸಬ್ಸಿಡಿಯಿಂದಾಗಿ 45 ಕೆ.ಜಿ. ಯೂರಿಯಾ ಚೀಲ ರೈತರಿಗೆ ತೆರಿಗೆ, ಬೇವಿನ ಲೇಪನದ ಶುಲ್ಕ ಬಿಟ್ಟು 242 ರೂಪಾಯಿಗೆ ಸಿಗುತ್ತದೆ. ರಂಜಕ, ಪೊಟ್ಯಾಷ್ ಗೊಬ್ಬರ ಅದಕ್ಕಿಂತ ಎಷ್ಟೋ ದುಬಾರಿ. ಹೀಗಾಗಿ ಬೇಕಿದ್ದಕ್ಕಿಂತ ಹೆಚ್ಚು ಯೂರಿಯಾ ಬೀಳುತ್ತದೆ. ಸಾರಜನಕ ನಿಧಾನವಾಗಿ ಬಿಡುಗಡೆಯಾಗಲೆಂದು 2015ರಿಂದ ಎಲ್ಲ ಯೂರಿಯಾಕ್ಕೂ ಬೇವಿನ ಲೇಪನ ಕಡ್ಡಾಯವಾಗಿದೆ, 2018ರಲ್ಲಿ ಚೀಲದ ತೂಕ 50ರಿಂದ 45 ಕೆ.ಜಿ.ಗೆ ಇಳಿಯಿತು. ಎಕರೆಗೆ ಕೆ.ಜಿ. ಲೆಕ್ಕದಲ್ಲಲ್ಲ, ಚೀಲದ ಲೆಕ್ಕದಲ್ಲಿ ಗೊಬ್ಬರ ಹಾಕುವ ರೂಢಿ ನೋಡಿಯೇ ಈ ಕ್ರಮ. ಆದರೆ ಬೆಲೆಯ ಅಂತರ ಹಾಗೆಯೇ ಇದೆ.